ಮೆಟ್ರೊಪಾಲಿಟನ್ ಒಪೆರಾ ನೋಡಬೇಕು ಅಂತಿದ್ದೀರಾ? ಟಿಕೆಟ್ ಕೊನೆಗೆ ತಗೊಳ್ಳಿ

ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇರುವ ಕನ್ನಡಿಗರಲ್ಲಿ ಲಿಂಕನ್ ಸೆಂಟರ್ ಅನ್ನುವ ಕಲಾಕೇಂದ್ರದ ಕಾರಂಜಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದವರು ಕಮ್ಮಿ. ಆ ಫೋಟೋದಲ್ಲಿ ಬೆನ್ನ ಹಿಂದೆ ಐದು ಎತ್ತರದ ಕಮಾನುಗಳ ಕಟ್ಟಡ ಕಾಣುತ್ತದಲ್ಲ, ಅದೇ ಮೆಟ್ರೊಪಾಲಿಟನ್ ಒಪೆರಾ ಹೌಸ್. ಒಪೆರಾ ಅಂದರೆ ಕಥೆಯನ್ನು ಹಾಡಿನಲ್ಲೇ ಆಡುವ ನಾಟಕ. ಎಲ್ಲರೂ 'ಮೆಟ್' ಅಂತ ಕರೆಯುತ್ತಾರೆ. ಅದರ ಒಳಗೆ ಹೋದವರು ಮಾತ್ರ ಬೆರಳೆಣಿಕೆಯಷ್ಟು ಜನ. ಯಾಕೆ ಅಂತ ಕೇಳಿದರೆ ಬರುವುದು ಎರಡೇ ಉತ್ತರ: "ತುಂಬ ದುಬಾರಿ ಅಲ್ವಾ?", "ಇಟಾಲಿಯನ್‌ನಲ್ಲಿ ಹಾಡಿದ್ರೆ ನಮಗೆಲ್ಲಿ ಅರ್ಥ ಆಗುತ್ತೆ?"

ಎರಡಕ್ಕೂ ದಾರಿ ಇದೆ. ಆ ದಾರಿಯನ್ನು ಬಹುಮಟ್ಟಿಗೆ ಅಲ್ಲಿ ಒಪೆರಾ ಆಡುವ ಮೆಟ್ ಕಂಪನಿಯೇ ಮಾಡಿಕೊಟ್ಟಿದೆ. ನಾವು ಹಿಡಿಯುವ ಕ್ರಮ ಮಾತ್ರ ಉಲ್ಟಾ. ಮೊದಲು ಟಿಕೆಟ್ ತಗೊಂಡು, ಶುಕ್ರವಾರ ಆಫೀಸು ಮುಗಿಸಿ ಸುಸ್ತಾಗಿ ಬಂದು, ಕಥೆ ಏನು ಅಂತಲೂ ಗೊತ್ತಿಲ್ಲದೆ ಕೂತರೆ ಎರಡನೇ ಅಂಕದ ಹೊತ್ತಿಗೆ ಕಣ್ಣು ಎಳೆಯುತ್ತದೆ. ಆಮೇಲೆ ಯಾರೂ ಆ ಕಡೆ ಹೋಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಕಲಿಯುವ ಕೆಲಸ ಮೊದಲು, ಪುಕ್ಕಟೆ ಸಿಗುವುದು ಆಮೇಲೆ, ಟಿಕೆಟ್ ಕೊನೆಗೆ.

ಯಕ್ಷಗಾನಕ್ಕೆ ಹೋಗುವವರನ್ನು ನೋಡಿ. ಚಾಪೆ ಹಾಸಿ ಕೂರುವ ಮೊದಲೇ ಅವರಿಗೆ ಪ್ರಸಂಗ ಗೊತ್ತು. ಅಂಬೆಗೆ ಕೊನೆಗೆ ಏನಾಗುತ್ತದೆ ಅಂತ ತಿಳಿಯೋಕೆ ಯಾರೂ ಹೋಗುವುದಿಲ್ಲ. ಇವತ್ತಿನ ಅಂಬೆ ಭೀಷ್ಮನ ಎದುರು ಹೇಗೆ ನಿಲ್ಲುತ್ತಾಳೆ, ಭಾಗವತರು ಆ ಪದವನ್ನು ಹೇಗೆ ಎತ್ತಿಕೊಳ್ಳುತ್ತಾರೆ ಅಂತ ನೋಡೋಕೆ ಹೋಗುತ್ತಾರೆ. ಒಪೆರಾ ಪ್ರೇಕ್ಷಕರೂ ಹಾಗೇ. ನೂರು ಸಲ ಕೇಳಿದ ಹಾಡನ್ನು ಇವತ್ತು ಈ ಗಾಯಕಿ ಹೇಗೆ ಹಾಡುತ್ತಾಳೆ ಅನ್ನುವುದಕ್ಕೇ ಬರುತ್ತಾರೆ. ನಾವೂ ಕಥೆ ತಿಳಿದುಕೊಂಡೇ ಹೋಗೋಣ.

ಮೊದಲು: ಕ್ಯಾಲೆಂಡರ್ ಓದುವುದು

ಮೆಟ್ ಶುರುವಾಗಿದ್ದು 1883ರಲ್ಲಿ. ಈಗಿನ ಕಟ್ಟಡಕ್ಕೆ ಬಂದದ್ದು 1966ರಲ್ಲಿ. ಸೀಸನ್ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಶುರುವಾಗಿ ಜೂನ್ ಮೊದಲ ವಾರಗಳವರೆಗೆ ನಡೆಯುತ್ತದೆ. ಮುಂದಿನ ಸೀಸನ್‌ನಲ್ಲಿ ಏನೇನಿದೆ ಅನ್ನುವುದನ್ನು ತಿಂಗಳುಗಟ್ಟಲೆ ಮೊದಲೇ, ಸಾಮಾನ್ಯವಾಗಿ ಚಳಿಗಾಲ ಮುಗಿಯುವ ಮುಂಚೆ, ಪ್ರಕಟಿಸುತ್ತಾರೆ. ಅವರ ವೆಬ್‌ಸೈಟಿನಲ್ಲಿ ಕ್ಯಾಲೆಂಡರ್ ತೆರೆದರೆ ಮೊದಲು ಒಂದು ವಿಷಯ ಗೊಂದಲ ಮಾಡುತ್ತದೆ: ಸೋಮವಾರ ಒಂದು ಒಪೆರಾ, ಮಂಗಳವಾರ ಇನ್ನೊಂದು, ಶನಿವಾರ ಮಧ್ಯಾಹ್ನ ಒಂದು, ಅದೇ ರಾತ್ರಿ ಬೇರೆ. ಸಿನಿಮಾ ಥರ ಒಂದೇ ಆಟ ವಾರವಿಡೀ ಓಡುವುದಿಲ್ಲ. ಗಾಯಕರು ಮೈಕ್ ಇಲ್ಲದೆ ಹಾಡುತ್ತಾರೆ, ಗಂಟಲಿಗೆ ವಿಶ್ರಾಂತಿ ಬೇಕು, ಹಾಗಾಗಿ ಒಬ್ಬರೇ ದಿನಾ ದೊಡ್ಡ ಪಾತ್ರ ಹಾಡುವುದು ಆಗದ ಮಾತು. ಅದಕ್ಕೇ ಮೂರು ನಾಲ್ಕು ಒಪೆರಾಗಳು ಒಟ್ಟಿಗೆ ಸರದಿಯಲ್ಲಿ ನಡೆಯುತ್ತವೆ, ರಂಗಸಜ್ಜಿಕೆಯನ್ನು ಮಧ್ಯಾಹ್ನದಿಂದ ರಾತ್ರಿಗೆ ಪೂರ್ತಿ ಬದಲಾಯಿಸುತ್ತಾರೆ.

ಇದರಿಂದ ನಿಮಗೆ ಎರಡು ಉಪಯೋಗ. ಒಂದು ವಾರಾಂತ್ಯ ಆಗದಿದ್ದರೆ ಇನ್ನೊಂದು ವಾರಾಂತ್ಯದಲ್ಲಿ ಅದೇ ಒಪೆರಾ ಸಿಗುತ್ತದೆ. ಮತ್ತೆ, ಅದೇ ಒಪೆರಾಕ್ಕೆ ಅಕ್ಟೋಬರ್‌ನಲ್ಲಿ ಒಬ್ಬರು, ಏಪ್ರಿಲ್‌ನಲ್ಲಿ ಇನ್ನೊಬ್ಬರು ಹಾಡಬಹುದು. ಯಾರದೋ ಹೆಸರು ಕೇಳಿ ಹೋಗುತ್ತಿದ್ದರೆ ನಿಮ್ಮ ದಿನಾಂಕದ ಮೇಲೆ ಒತ್ತಿ, ಆ ದಿನ ಯಾರು ಹಾಡುತ್ತಾರೆ ಅಂತ ನೋಡಿಕೊಳ್ಳಿ.

ಪ್ರತಿ ಒಪೆರಾದ ಪುಟದಲ್ಲಿ ಮೂರು ವಿಷಯ ಹುಡುಕಿ. ಯಾವ ಭಾಷೆಯಲ್ಲಿ ಹಾಡುತ್ತಾರೆ. ಒಟ್ಟು ಎಷ್ಟು ಹೊತ್ತು, ಮಧ್ಯಂತರ ಎಷ್ಟು. ಎಷ್ಟು ಗಂಟೆಗೆ ಶುರು. ಮೂರನೆಯದು ಮುಖ್ಯ. ಸಂಜೆಯ ಆಟ ಸಾಮಾನ್ಯವಾಗಿ ಏಳು, ಏಳೂವರೆಗೆ ಇರುತ್ತದೆ. ಆದರೆ ಜರ್ಮನಿಯ ಸಂಗೀತಗಾರ ವಾಗ್ನರ್‌ನ ಉದ್ದದ ಒಪೆರಾ ಆದರೆ ಆರು, ಆರೂವರೆಗೇ ಶುರು, ಮುಗಿಯುವುದು ಹನ್ನೊಂದು ದಾಟಿ. ಮೊದಲ ಸಲಕ್ಕೆ ವಾಗ್ನರ್ ಬೇಡ. ಅವನು ದೊಡ್ಡವನೇ, ಆದರೆ ಐದು ಗಂಟೆ ಕೂರುವ ಅಭ್ಯಾಸ ಆಗಲಿ.

ಯಾವುದರಿಂದ ಶುರು ಮಾಡುವುದು

ನನ್ನ ಉತ್ತರ ಒಂದೇ. ಆ ಸೀಸನ್‌ನಲ್ಲಿ ಇಟಲಿಯ ಸಂಗೀತಗಾರ ಪುಚ್ಚೀನಿಯ ಲಾ ಬೊಹೆಮ್ ಇದೆಯಾ ನೋಡಿ. ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಬಿಜೆಯ ಕಾರ್ಮೆನ್, ಇಲ್ಲವೇ ವೆರ್ದಿಯ ಲಾ ತ್ರಾವಿಯಾತಾ.

ಬೊಹೆಮ್ ಯಾಕೆ? 1896ರಲ್ಲಿ ಟ್ಯೂರಿನ್‌ನಲ್ಲಿ ಮೊದಲು ಆಡಿದ್ದು. ಕಥೆ ಸರಳ. ಪ್ಯಾರಿಸ್‌ನ ಒಂದು ಅಟ್ಟದ ಕೋಣೆ, ಕ್ರಿಸ್ಮಸ್ ಹಿಂದಿನ ರಾತ್ರಿ, ಬಾಡಿಗೆಗೆ ದುಡ್ಡಿಲ್ಲದ ನಾಲ್ಕು ಹುಡುಗರು. ಅವರಲ್ಲಿ ಕವಿ ರೊಡೊಲ್ಫೊ ಒಬ್ಬನೇ ಉಳಿದಾಗ ಪಕ್ಕದ ಕೋಣೆಯ ಮಿಮಿ ಬಾಗಿಲು ತಟ್ಟುತ್ತಾಳೆ. ಬಟ್ಟೆ ಮೇಲೆ ಹೂ ಕಸೂತಿ ಹಾಕಿ ಬದುಕುವವಳು. ಅವಳ ಮೇಣದಬತ್ತಿ ಆರಿದೆ, ಹಚ್ಚಿಕೊಳ್ಳೋಕೆ ಬಂದಿದ್ದಾಳೆ. ಹೊರಡುವಾಗ ಕೋಣೆಯ ಬೀಗದ ಕೈ ಬಿದ್ದುಹೋಗುತ್ತದೆ, ಬತ್ತಿ ಮತ್ತೆ ಆರುತ್ತದೆ, ಅವನದೂ ಆರುತ್ತದೆ. ಕತ್ತಲಲ್ಲಿ ಇಬ್ಬರೂ ನೆಲ ತಡವುತ್ತಾ ಹುಡುಕುತ್ತಾರೆ. ಬೀಗದ ಕೈ ಅವನಿಗೆ ಸಿಗುತ್ತದೆ. ಸದ್ದಿಲ್ಲದೆ ಜೇಬಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಅವಳ ಕೈ ಸಿಗುತ್ತದೆ. ಎಷ್ಟು ತಣ್ಣಗಿದೆ ಈ ಕೈ ಅಂತ ಹಾಡು ಶುರುವಾಗುವುದು ಅಲ್ಲಿ. ಅವನ ಹಾಡು, ಅವಳ ಉತ್ತರ, ಕೊನೆಗೆ ಇಬ್ಬರೂ ಸೇರಿ, ಒಂದರ ಹಿಂದೆ ಒಂದು ಸುಮಾರು ಕಾಲು ಗಂಟೆ. ಇದು ಗೊತ್ತಿದ್ದು ಕೂತವರಿಗೆ ಆ ಕಾಲು ಗಂಟೆ ಹೇಗೆ ಹೋಯಿತು ಅಂತಲೇ ತಿಳಿಯುವುದಿಲ್ಲ.

ಮೆಟ್‌ನಲ್ಲಿ ಇದಕ್ಕೆ ಇಟಲಿಯ ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ 1981ರಲ್ಲಿ ಕಟ್ಟಿದ ರಂಗಸಜ್ಜಿಕೆ ದಶಕಗಳಿಂದ ನಡೆದುಕೊಂಡು ಬಂದಿದೆ. ಎರಡನೇ ಅಂಕದಲ್ಲಿ ಪರದೆ ಎದ್ದರೆ ಪ್ಯಾರಿಸ್‌ನ ಒಂದು ಇಡೀ ಬೀದಿಯೇ ಎದುರಿಗಿರುತ್ತದೆ. ಮೇಲೊಂದು ಹಂತ, ಕೆಳಗೊಂದು ಹಂತ, ಇನ್ನೂರಕ್ಕೂ ಜಾಸ್ತಿ ಜನ, ಕುದುರೆ ಬೇರೆ. ಜನ ಸುಮ್ನೆ ಆ ದೃಶ್ಯಕ್ಕೇ ಚಪ್ಪಾಳೆ ತಟ್ಟುತ್ತಾರೆ. ಮೂರನೇ ಅಂಕದಲ್ಲಿ ಹಿಮ ಬೀಳುತ್ತದೆ. ಎಲ್ಲಾ ಸೇರಿ ಮಧ್ಯಂತರಗಳೊಂದಿಗೆ ಸುಮಾರು ಮೂರು ಗಂಟೆ.

ಮನೆಯಲ್ಲೇ ಕಿವಿ ಪಳಗಿಸುವುದು

ಒಪೆರಾ ಆರಿಸಿದ ಮೇಲೆ ಎರಡು ಮೂರು ವಾರ ಇಟ್ಟುಕೊಳ್ಳಿ. ದಿನಾ ಅರ್ಧ ಗಂಟೆ ಸಾಕು, ಕಾರಿನಲ್ಲಾದರೂ ಆಯಿತು.

ಮೊದಲು ಮೆಟ್ ವೆಬ್‌ಸೈಟಿನಲ್ಲಿ ಕಥಾಸಾರ ಓದಿ. ಅಂಕವಾರು ಇರುತ್ತದೆ, ಐದು ನಿಮಿಷದ ಕೆಲಸ. ಆಮೇಲೆ ಅದೇ ವೆಬ್‌ಸೈಟಿನ ಶಿಕ್ಷಣ ವಿಭಾಗಕ್ಕೆ ಹೋಗಿ. ಅಲ್ಲಿ ಶಾಲೆಯ ಮೇಷ್ಟ್ರುಗಳಿಗಾಗಿ ಮಾಡಿದ ಕೈಪಿಡಿಗಳು ಪುಕ್ಕಟೆ ಸಿಗುತ್ತವೆ, ಡೌನ್‌ಲೋಡ್ ಮಾಡಿಕೊಳ್ಳಬಹುದು. ಮಕ್ಕಳ ವಸ್ತು ಅಂತ ಬಿಟ್ಟುಬಿಡಬೇಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನಾನು ನೋಡಿಲ್ಲ. ಪಾತ್ರ ಯಾರು ಯಾರು, ಯಾವ ಪಾತ್ರಕ್ಕೆ ಯಾವ ದನಿ, ಆ ಕಾಲದಲ್ಲಿ ಊರು ಹೇಗಿತ್ತು, ಯಾವ ಹಾಡಿನಲ್ಲಿ ಏನನ್ನು ಗಮನಿಸಬೇಕು ಅಂತ ಬಿಡಿಸಿ ಬರೆದಿರುತ್ತಾರೆ.

ಆಮೇಲೆ ಎರಡೋ ಮೂರೋ ಹಾಡು ಆರಿಸಿ. ಇಡೀ ಒಪೆರಾ ಬೇಡ. ಬೊಹೆಮ್ ಆದರೆ ಮೇಲೆ ಹೇಳಿದ ಆ ಕಾಲು ಗಂಟೆ. ಒಂದೇ ಹಾಡನ್ನು ಬೇರೆ ಬೇರೆ ಮೂರು ಗಾಯಕರ ಬಾಯಲ್ಲಿ ಕೇಳಿ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಒಂದೇ ಕೃತಿಯನ್ನು ಬೇರೆ ಬೇರೆ ವಿದ್ವಾಂಸರು ಹಾಡುವುದನ್ನು ಕೇಳುವ ಅಭ್ಯಾಸ ಇದ್ದೇ ಇದೆ. ಆ ಕಿವಿ ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ರೊಡೊಲ್ಫೊನ ಹಾಡಿನ ಕೊನೆಯ ಭಾಗದಲ್ಲಿ ದನಿ ತಾರಕ್ಕೆ ಏರುತ್ತದೆ. ಅಲ್ಲಿ ಒಬ್ಬ ಗಾಯಕ ಆ ಸ್ವರವನ್ನು ಹಿಡಿದು ನಿಲ್ಲಿಸುತ್ತಾನೆ, ಇನ್ನೊಬ್ಬ ಮುಟ್ಟಿ ಇಳಿಯುತ್ತಾನೆ. ಇದನ್ನು ಗಮನಿಸೋಕೆ ಶುರು ಮಾಡಿದರೆ ನೀವು ಆಗಲೇ ಅರ್ಧ ಒಪೆರಾ ಪ್ರೇಕ್ಷಕರು.

ಮ್ಯಾನ್‌ಹಟನ್‌ಗೆ ಹೋಗಿಬರುವವರಾದರೆ ಇನ್ನೊಂದು ಜಾಗ ಹೇಳುತ್ತೇನೆ. ಒಪೆರಾ ಹೌಸ್ ಪಕ್ಕದಲ್ಲೇ, ನೀರಿನ ಕೊಳ, ಅದರೊಳಗೆ ಹೆನ್ರಿ ಮೂರ್‌ನ ದೊಡ್ಡ ಕಂಚಿನ ಶಿಲ್ಪ ಇದೆಯಲ್ಲ, ಅದರ ಆಚೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಒಂದು ಶಾಖೆ ಇದೆ. ಸಂಗೀತ, ನಾಟಕ, ನೃತ್ಯ ಇಷ್ಟಕ್ಕೇ ಮೀಸಲು. ಒಳಗೆ ಹೋಗೋಕೆ ಒಂದು ಪೈಸೆ ಕೊಡಬೇಕಿಲ್ಲ. ಸ್ವರಲಿಪಿಯ ಪುಸ್ತಕ, ಹಾಡಿನ ಸಾಹಿತ್ಯ ಅನುವಾದದ ಜೊತೆ, ಹಳೆಯ ಧ್ವನಿಮುದ್ರಣ ಎಲ್ಲಾ ಅಲ್ಲಿವೆ. ಪ್ರದರ್ಶನ ಕಲೆಗಳ ಬಗ್ಗೆ ಆಗಾಗ ಉಚಿತ ವಸ್ತುಪ್ರದರ್ಶನ, ಮಾತುಕತೆ ಕೂಡ ನಡೆಯುತ್ತವೆ. ಮಗಳು ಪಿಯಾನೋ ಕಲಿಯುತ್ತಿದ್ದರೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ.

ಪುಕ್ಕಟೆ ಸಿಗುವುದನ್ನು ಪೂರ್ತಿ ಬಳಸಿಕೊಳ್ಳಿ

ಊರಿಂದ ಅಪ್ಪ-ಅಮ್ಮ ಬರುವುದು ಸಾಮಾನ್ಯವಾಗಿ ಬೇಸಿಗೆಗೆ. ಆಗ ಒಪೆರಾ ಹೌಸ್‌ನಲ್ಲಿ ಮೆಟ್‌ನ ಆಟ ಇರುವುದಿಲ್ಲ. ಆದರೆ ಆಗಸ್ಟ್ ಕೊನೆಯಲ್ಲಿ, ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇವರೆಗೆ, ಅದೇ ಕಾರಂಜಿಯ ಅಂಗಳದಲ್ಲಿ ದೊಡ್ಡ ಪರದೆ ಕಟ್ಟಿ ರಾತ್ರಿ ಹೊತ್ತು ಹಿಂದಿನ ವರ್ಷಗಳ ಒಪೆರಾಗಳನ್ನು ತೋರಿಸುವ ಹಬ್ಬ 2009ರಿಂದ ನಡೆದುಬಂದಿದೆ. ಟಿಕೆಟ್ ಇಲ್ಲ. ಸಾಲುಸಾಲಾಗಿ ಕುರ್ಚಿ ಹಾಕಿರುತ್ತಾರೆ, ಮೊದಲು ಬಂದವರಿಗೆ ಜಾಗ. ಪರದೆ ಮೇಲೆ ಇಂಗ್ಲಿಷ್ ಸಾಲು ಬರುತ್ತದೆ. ಬೇಜಾರಾದರೆ ಎದ್ದು ಹೋಗಬಹುದು, ಯಾರೂ ಏನೂ ಅನ್ನುವುದಿಲ್ಲ. ನನಗೆ ಕೇಳಿದರೆ ಒಂದು ಕುಟುಂಬಕ್ಕೆ ಮೊದಲ ಒಪೆರಾ ಅಂದರೆ ಇದೇ ಆಗಬೇಕು. ಒಂದು ಗಂಟೆ ಮೊದಲೇ ಹೋಗಿ, ಮನೆಯಿಂದ ಚಪಾತಿ ರೋಲ್ ಕಟ್ಟಿಕೊಂಡು ಹೋಗಿ, ಒಂದು ತೆಳು ಸ್ವೆಟರ್ ಇರಲಿ. ಹೊತ್ತು ಇಳಿದ ಮೇಲೆ ಅಂಗಳದಲ್ಲಿ ಗಾಳಿ ಜೋರು.

ಬೇಸಿಗೆಯಲ್ಲೇ ನಗರದ ಪಾರ್ಕುಗಳಲ್ಲಿ ಮೆಟ್‌ನ ಯುವ ಗಾಯಕರು ಪಿಯಾನೋ ಜೊತೆಗೆ ಹಾಡುವ ಉಚಿತ ಕಚೇರಿಗಳನ್ನೂ ನಡೆಸುತ್ತಾ ಬಂದಿದ್ದಾರೆ, ಸೆಂಟ್ರಲ್ ಪಾರ್ಕ್‌ನಲ್ಲಿ, ಬ್ರೂಕ್ಲಿನ್ ಬ್ರಿಡ್ಜ್ ಪಾರ್ಕ್‌ನಲ್ಲಿ. ಇದರಲ್ಲಿ ಕಥೆ ಇಲ್ಲ, ಬಿಡಿ ಹಾಡುಗಳು ಮಾತ್ರ. ಮಕ್ಕಳು ಹುಲ್ಲಿನ ಮೇಲೆ ಓಡಾಡಿಕೊಂಡಿರಬಹುದು. ಯಾವ ದಿನ, ಎಲ್ಲಿ ಅನ್ನುವುದು ಬೇಸಿಗೆ ಶುರುವಾಗುವ ಹೊತ್ತಿಗೆ ಗೊತ್ತಾಗುತ್ತದೆ. ಮೆಟ್‌ನ ಇಮೇಲ್ ಪಟ್ಟಿಗೆ ಹೆಸರು ಕೊಟ್ಟಿದ್ದರೆ ತಪ್ಪಿಹೋಗುವುದಿಲ್ಲ. ಆ ಪಟ್ಟಿಯಿಂದ ಇನ್ನೊಂದು ಲಾಭವೂ ಇದೆ. ಕೆಲವು ಸಲ ಹೊಸ ನಿರ್ಮಾಣದ ಕೊನೆಯ ತಾಲೀಮಿಗೆ ಜನರನ್ನು ಉಚಿತವಾಗಿ ಬಿಟ್ಟಿದ್ದಾರೆ, 2006ರಲ್ಲಿ ಮದಾಮ ಬಟರ್‌ಫ್ಲೈಗೆ ಹಾಗೆ ಬಿಟ್ಟಿದ್ದರು. ಅಂಥದ್ದು ಬಂದಾಗ ಟಿಕೆಟ್ ಕೂಡಲೇ ಖಾಲಿ.

ಹೊಸ ಒಪೆರಾ ಬರೆದ ಸಂಗೀತಗಾರರನ್ನೇ ಎದುರಿಗೆ ನೋಡಬೇಕು ಅಂದರೆ ಗುಗನ್‌ಹೈಮ್ ಮ್ಯೂಸಿಯಂನಲ್ಲಿ 'ವರ್ಕ್ಸ್ ಅಂಡ್ ಪ್ರೊಸೆಸ್' ಅನ್ನುವ ಸರಣಿ ಇದೆ. ಮೆಟ್‌ಗೆ ಬರಲಿರುವ ಕೆಲವು ಹೊಸ ಒಪೆರಾಗಳ ತುಣುಕುಗಳನ್ನು ಅಲ್ಲಿ ಮೊದಲೇ ಹಾಡಿ, ಅದರ ಬಗ್ಗೆ ಮಾತಾಡುತ್ತಾರೆ. ಇದಕ್ಕೆ ಟಿಕೆಟ್ ಬೇಕು. ಆದರೆ ಒಂದು ದೃಶ್ಯ ಹೇಗೆ ಹುಟ್ಟುತ್ತದೆ ಅಂತ ಕೈಯಳತೆಯಲ್ಲಿ ಕೂತು ಕೇಳುವುದು ಬೇರೆ ಕಡೆ ಸುಲಭಕ್ಕೆ ಸಿಗುವುದಲ್ಲ.

ರೇಡಿಯೋ, ಥಿಯೇಟರು: ದೂರ ಇರುವವರಿಗೆ

ಮೆಟ್‌ನ ಆಟವನ್ನು ಪೂರ್ತಿಯಾಗಿ ರೇಡಿಯೋದಲ್ಲಿ ನೇರ ಪ್ರಸಾರ ಮಾಡೋಕೆ ಶುರು ಮಾಡಿದ್ದು 1931ರ ಕ್ರಿಸ್ಮಸ್ ದಿನ. ಇವತ್ತಿಗೂ ಸೀಸನ್ನಿನ ಬಹುಭಾಗ, ಡಿಸೆಂಬರ್‌ನಿಂದ ಬೇಸಿಗೆಯವರೆಗೆ, ಶನಿವಾರ ಮಧ್ಯಾಹ್ನದ ಆಟ ಬಿಡದೆ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಡಬ್ಲ್ಯೂಕ್ಯೂಎಕ್ಸ್‌ಆರ್ 105.9ರಲ್ಲಿ ಕೇಳಬಹುದು. ಇಂಟರ್‌ನೆಟ್ಟಿನಲ್ಲೂ ಕೇಳಬಹುದು, ದುಡ್ಡಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೂತು ಓದುತ್ತಿರುವವರಿಗೆ ಲೆಕ್ಕ ಹೇಳಿಬಿಡುತ್ತೇನೆ. ನ್ಯೂಯಾರ್ಕ್‌ನ ಮಧ್ಯಾಹ್ನ 1 ಗಂಟೆ ಅಂದರೆ ಚಳಿಗಾಲದಲ್ಲಿ ನಮ್ಮಲ್ಲಿ ರಾತ್ರಿ 11.30. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಮುಂದೆ ಹಾಕಿದ ಮೇಲೆ 10.30. ಹೆಡ್‌ಫೋನ್ ಹಾಕಿಕೊಂಡು, ಕಥಾಸಾರ ಎದುರಿಗಿಟ್ಟುಕೊಂಡು ಮೊದಲ ಅಂಕ ಕೇಳಿ ಮಲಗಿದರೂ ಸಾಕು. ಮಧ್ಯಂತರದಲ್ಲಿ ಗಾಯಕರ ಸಂದರ್ಶನ, ಒಪೆರಾ ಕ್ವಿಜ್ ಇರುತ್ತದೆ. ಅದರಿಂದಲೇ ಎಷ್ಟೋ ಕಲಿಯಬಹುದು.

ಸಿನಿಮಾ ಥಿಯೇಟರಿನಲ್ಲಿ ನೇರ ಪ್ರಸಾರ ಶುರುವಾಗಿದ್ದು 2006ರ ಡಿಸೆಂಬರ್ 30ರಂದು, ಮೊಜಾರ್ಟ್‌ನ ದ ಮ್ಯಾಜಿಕ್ ಫ್ಲೂಟ್‌ನಿಂದ. 'ಲೈವ್ ಇನ್ ಎಚ್‌ಡಿ' ಅಂತ ಹೆಸರು. ವರ್ಷಕ್ಕೆ ಎಂಟು ಹತ್ತು ಒಪೆರಾ ಹೀಗೆ ಹೊರಗೆ ಹೋಗುತ್ತವೆ. ಟೆಕ್ಸಾಸ್, ಜಾರ್ಜಿಯಾ, ಕ್ಯಾಲಿಫೋರ್ನಿಯಾ ಎಲ್ಲೇ ಇದ್ದರೂ ಹತ್ತಿರದ ಮಲ್ಟಿಪ್ಲೆಕ್ಸಿನಲ್ಲಿ ಹುಡುಕಿ. ಶನಿವಾರ ಆಗದಿದ್ದರೆ ಮುಂದಿನ ವಾರ ಮರುಪ್ರದರ್ಶನ ಇರುತ್ತದೆ. ಭಾರತದಲ್ಲಿ ಮುಂಬೈನ ಎನ್‌ಸಿಪಿಎ ಕಲಾಕೇಂದ್ರ ಈ ಸರಣಿಯನ್ನು ತೋರಿಸುತ್ತಾ ಬಂದಿದೆ. ಮುಂಬೈಗೆ ಹೋಗುವ ಕೆಲಸ ಇದ್ದರೆ ಅವರ ಕಾರ್ಯಕ್ರಮ ಪಟ್ಟಿ ನೋಡಿಕೊಳ್ಳಿ.

ಥಿಯೇಟರಿನಲ್ಲಿ ಮುಖ ಹತ್ತಿರದಿಂದ ಕಾಣುತ್ತದೆ, ಮಧ್ಯಂತರದಲ್ಲಿ ಪರದೆ ಹಿಂದೆ ರಂಗಸಜ್ಜಿಕೆ ಎಳೆದು ಜೋಡಿಸುವುದನ್ನು ತೋರಿಸುತ್ತಾರೆ. ಆದರೆ ದನಿ ಸ್ಪೀಕರಿನಿಂದ ಬರುತ್ತದೆ. ಮೈಕ್ ಇಲ್ಲದ ಒಂದು ದನಿ ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೆ ಮುಟ್ಟುವುದು ಇದೆಯಲ್ಲ, ಅದನ್ನು ಆ ಕಟ್ಟಡದೊಳಗೇ ಕೂತು ಕೇಳಬೇಕು.

ಈಗ ಟಿಕೆಟ್

ಒಳಗೆ ಸುಮಾರು 3,800 ಸೀಟು. ಎಲ್ಲಕ್ಕಿಂತ ಕೆಳಗಿನ ಸೀಟುಗಳ ಹಂತಕ್ಕೆ ಆರ್ಕೆಸ್ಟ್ರಾ ಅಂತ ಹೆಸರು, ಅದರ ಮೇಲೆ ಪಾರ್ಟೆರ್, ಗ್ರ್ಯಾಂಡ್ ಟಿಯರ್, ಡ್ರೆಸ್ ಸರ್ಕಲ್, ಬಾಲ್ಕನಿ, ಎಲ್ಲಕ್ಕಿಂತ ಮೇಲೆ ಫ್ಯಾಮಿಲಿ ಸರ್ಕಲ್. ಬೆಲೆ ದಿನ, ಒಪೆರಾ ನೋಡಿ ಬದಲಾಗುತ್ತದೆ. ಅಗ್ಗ ಅಂದರೆ ಫ್ಯಾಮಿಲಿ ಸರ್ಕಲ್. ಕಣ್ಣಿಗೆ ದೂರ, ಕಿವಿಗೆ ಅಲ್ಲ. ಅಲ್ಲಿಗೆ ದನಿ ಬರುವುದು ಬಹಳ ಚೆನ್ನ ಅಂತ ಹಳೆಯ ಒಪೆರಾ ಪ್ರೇಮಿಗಳೆಲ್ಲ ಒಪ್ಪುತ್ತಾರೆ, ನನ್ನ ಕಿವಿಯೂ ಅದನ್ನೇ ಹೇಳುತ್ತದೆ. ಆದರೆ ಮೆಟ್ಟಿಲು ಕಡಿದು. ಮಂಡಿನೋವಿನ ಹಿರಿಯರಿದ್ದರೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಕೆಳಗಿನ ಹಂತದಲ್ಲೇ ತಗೊಳ್ಳಿ. ಎತ್ತರ ನೋಡಿದರೆ ತಲೆ ತಿರುಗುವವರಿಗೂ ಇದೇ ಮಾತು.

ಕೆಳಗೆ, ಒಳ್ಳೆಯ ಸೀಟಿನಲ್ಲಿ, ಕಮ್ಮಿ ದುಡ್ಡಿಗೆ ಕೂರಬೇಕಾ? ರಶ್ ಟಿಕೆಟ್ ಅಂತ ಒಂದಿದೆ. 25 ಡಾಲರ್. ವಾರದ ದಿನಗಳ ಸಂಜೆಯ ಆಟಕ್ಕೆ ಅದೇ ದಿನ ಮಧ್ಯಾಹ್ನ 12ಕ್ಕೆ ಆನ್‌ಲೈನ್‌ನಲ್ಲಿ ಬಿಡುತ್ತಾರೆ. ಮಧ್ಯಾಹ್ನದ ಆಟಕ್ಕೆ ಶುರುವಾಗುವ ನಾಲ್ಕು ಗಂಟೆ ಮುಂಚೆ, ಶನಿವಾರ ರಾತ್ರಿಯದಕ್ಕೆ ಮಧ್ಯಾಹ್ನ 2ಕ್ಕೆ. ಒಬ್ಬರಿಗೆ ಎರಡು ಟಿಕೆಟ್. ಎಷ್ಟು ಸೀಟು ಇರುತ್ತದೆ ಅನ್ನುವುದು ಆ ದಿನದ ಮೇಲೆ. ಮಾಡಬೇಕಾದ್ದು ಇಷ್ಟು: ಹಿಂದಿನ ದಿನವೇ ಖಾತೆ ತೆರೆದು ಕಾರ್ಡ್ ವಿವರ ಕೂಡಿಸಿಡಿ, 11.55ಕ್ಕೆ ಲಾಗಿನ್ ಆಗಿ ಪುಟ ತೆರೆದು ಕೂತಿರಿ, ಸಿಕ್ಕ ಸೀಟು ತಗೊಳ್ಳಿ, ಇನ್ನೂ ಒಳ್ಳೆಯದು ಬರುತ್ತಾ ಅಂತ ಕಾಯಬೇಡಿ. ತುಂಬ ಹೆಸರಾದ ಗಾಯಕರಿರುವ ದಿನ ಸಿಗುವುದು ಕಷ್ಟ. ಮಂಗಳವಾರ, ಬುಧವಾರ ಪ್ರಯತ್ನಿಸಿ. ನಿಯಮಗಳು ಆಗಾಗ ಬದಲಾಗಬಹುದು, ಹಿಂದಿನ ದಿನ ಒಮ್ಮೆ ಅವರ ಪುಟ ನೋಡಿಕೊಂಡರೆ ಒಳ್ಳೆಯದು.

ನಲವತ್ತರೊಳಗಿನವರಿಗೆ ಕೆಲವು ಶುಕ್ರವಾರ ರಿಯಾಯಿತಿ ಇದೆ, ವಿದ್ಯಾರ್ಥಿಗಳಿಗೆ ಬೇರೆ ಇದೆ. ನಿಂತು ನೋಡುವ ಜಾಗವೂ ಇದೆ, ಮೂರು ಗಂಟೆ ನಿಲ್ಲುವ ಕಾಲಿದ್ದರೆ. ಮತ್ತೆ ಫ್ಯಾಮಿಲಿ ಸರ್ಕಲ್‌ನ ಬದಿಗಳಲ್ಲಿ ಸಣ್ಣ ದೀಪ ಹಾಕಿದ ಪುಟ್ಟ ಮೇಜುಗಳಿವೆ. ಅಲ್ಲಿಂದ ರಂಗ ಸರಿಯಾಗಿ ಕಾಣುವುದಿಲ್ಲ. ಸ್ವರಲಿಪಿ ಪುಸ್ತಕ ತೆರೆದಿಟ್ಟು, ಬೆರಳಿಟ್ಟು ಸಾಲು ಸಾಲು ಹಿಂಬಾಲಿಸುತ್ತಾ ಕೇಳುವವರಿಗೆ ಅಂತಲೇ ಮಾಡಿದ ಜಾಗ. ಪಾಶ್ಚಾತ್ಯ ಸಂಗೀತ ಗಂಭೀರವಾಗಿ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದನ್ನು ಹೇಳಿ, ತುಂಬ ಜನರಿಗೆ ಗೊತ್ತೇ ಇಲ್ಲ.

ನ್ಯೂಜೆರ್ಸಿಯಿಂದ ಬರುವವರಿಗೆ ಶನಿವಾರ, ಭಾನುವಾರದ ಮಧ್ಯಾಹ್ನದ ಆಟವೇ ಸರಿ. ರೈಲಿನಲ್ಲಿ ಪೆನ್ ಸ್ಟೇಷನ್, ಅಲ್ಲಿಂದ ಉತ್ತರಕ್ಕೆ ಹೋಗುವ 1 ನಂಬರ್ ಸಬ್‌ವೇ, 66ನೇ ಬೀದಿಯಲ್ಲಿ ಇಳಿದರೆ ಎದುರಿಗೇ ಲಿಂಕನ್ ಸೆಂಟರ್. ರಾತ್ರಿ ಊಟಕ್ಕೆ ಮನೆಗೆ ವಾಪಸ್.

ಆ ದಿನ

ಅರ್ಧ ಗಂಟೆ ಮೊದಲೇ ಒಳಗಿರಿ. ಇದು ಸುಮ್ನೆ ಹೇಳುವ ಮಾತಲ್ಲ. ಆಟ ಶುರುವಾದ ಮೇಲೆ ಬಂದವರನ್ನು ಮಧ್ಯಂತರದವರೆಗೆ ಸೀಟಿಗೆ ಬಿಡುವುದಿಲ್ಲ. ಬೇರೆ ಕೋಣೆಯಲ್ಲಿ ಟಿವಿ ಪರದೆ ಮೇಲೆ ನೋಡಬೇಕಾಗುತ್ತದೆ. ಬೇಗ ಬಂದರೆ ಮಾರ್ಕ್ ಶಗಾಲ್ ಬರೆದ ಎರಡು ದೈತ್ಯ ಚಿತ್ರಗಳನ್ನು ನಿಧಾನಕ್ಕೆ ನೋಡಬಹುದು, ಒಂದು ಕೆಂಪು, ಒಂದು ಹಳದಿ.

ಬಟ್ಟೆಗೆ ನಿಯಮ ಇಲ್ಲ. ಜೀನ್ಸ್‌ನಲ್ಲೂ ಬರುತ್ತಾರೆ, ಉದ್ದ ಗೌನ್‌ನಲ್ಲೂ ಬರುತ್ತಾರೆ. ರೇಷ್ಮೆ ಸೀರೆ ಉಡಬೇಕು ಅನಿಸಿದರೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ದಪ್ಪ ಕೋಟು ಕೋಟ್ ಚೆಕ್‌ನಲ್ಲಿ ಬಿಡಿ. ಹೊಟ್ಟೆಗೆ ಮೊದಲೇ ಏನಾದರೂ ಹಾಕಿಕೊಳ್ಳಿ, ಮಧ್ಯಂತರದಲ್ಲಿ ಸಾಲು ಉದ್ದ, ಬೆಲೆ ಜಾಸ್ತಿ.

ಸೀಟಿನಲ್ಲಿ ಕೂತ ಮೇಲೆ ಮುಂದಿನ ಸೀಟಿನ ಬೆನ್ನಿಗೆ ಒಂದು ಪಟ್ಟಿಯಂಥ ಪರದೆ ಇರುತ್ತದೆ. ಪಕ್ಕದ ಗುಂಡಿ ಒತ್ತಿದರೆ ಹಾಡಿನ ಮಾತು ಇಂಗ್ಲಿಷ್‌ನಲ್ಲಿ ಸಾಲಾಗಿ ಬರುತ್ತದೆ. 1995ರಿಂದ ಈ ವ್ಯವಸ್ಥೆ ಇದೆ. ಅಕ್ಕಪಕ್ಕದವರಿಗೆ ನಿಮ್ಮ ಪರದೆಯ ಬೆಳಕು ಕಾಣದ ಹಾಗೆ ಮಾಡಿದ್ದಾರೆ. ಅರ್ಥ ಆಗುವುದಿಲ್ಲ ಅನ್ನುವ ಹೆದರಿಕೆಗೆ ಉತ್ತರ ಇದು. ಆದರೂ ನನ್ನ ಸಲಹೆ: ಕಥೆ ಗೊತ್ತಿರುವ ಕಡೆ, ಮುಖ್ಯ ಹಾಡು ಬಂದಾಗ, ಓದುವುದು ಬಿಟ್ಟು ತಲೆ ಎತ್ತಿ. ಎಲ್ಲಾ ಸಾಲೂ ಓದುತ್ತಾ ಕೂತರೆ ಎದುರಿಗಿರುವ ಮನುಷ್ಯ ಕಾಣುವುದೇ ಇಲ್ಲ.

ಶುರುವಾಗುವ ಮುಂಚೆ ನಕ್ಷತ್ರ ಸಿಡಿದ ಹಾಗಿರುವ ಸ್ಫಟಿಕದ ದೀಪಗೊಂಚಲುಗಳು, ಆಸ್ಟ್ರಿಯಾ ಸರ್ಕಾರ ಕೊಟ್ಟ ಉಡುಗೊರೆ ಅವು, ಮೆಲ್ಲಗೆ ಚಾವಣಿಯ ಕಡೆ ಏರುತ್ತಾ ಮಬ್ಬಾಗುತ್ತವೆ. ಮೇಲಿನ ಹಂತದವರಿಗೆ ರಂಗ ಮರೆಯಾಗಬಾರದು ಅಂತ ಮಾಡಿದ್ದು. ಮಕ್ಕಳಿಗೆ ಮೊದಲೇ ಹೇಳಿಡಿ, ತಪ್ಪಿಸಿಕೊಳ್ಳಬಾರದು.

ಫೋನ್ ಪೂರ್ತಿ ಆಫ್. ಚಪ್ಪಾಳೆ ಯಾವಾಗ ಅಂತ ಚಿಂತೆ ಬೇಡ. ದೊಡ್ಡ ಹಾಡು ಮುಗಿದು ವಾದ್ಯ ನಿಂತಾಗ ಎಲ್ಲರೂ ತಟ್ಟುತ್ತಾರೆ, ನೀವೂ ತಟ್ಟಿ. ಒನ್ಸ್ ಮೋರ್ ಮಾತ್ರ ಇಲ್ಲಿ ಬಲು ಅಪರೂಪ. 2008ರಲ್ಲಿ ದೊನಿಜೆತ್ತಿಯ ಒಂದು ಒಪೆರಾದಲ್ಲಿ ಹುವಾನ್ ದಿಯೇಗೊ ಫ್ಲೋರೆಸ್, 'ಹೈ ಸಿ' ಅನ್ನುವ ತಾರ ಸ್ವರ ಒಂಬತ್ತು ಸಲ ಬರುವ ಹಾಡನ್ನು, ಜನ ಬಿಡದೆ ಇದ್ದಾಗ ಮತ್ತೊಮ್ಮೆ ಹಾಡಿದರು. ಅದಕ್ಕೆ ಮುಂಚೆ ಮೆಟ್‌ನಲ್ಲಿ ಹಾಗಾಗಿದ್ದು 1994ರಲ್ಲಿ, ಪವರೊತ್ತಿ ಹಾಡಿದಾಗ.

ನಮ್ಮವರು ಒಮ್ಮೆ ಕೇಳಲೇಬೇಕಾದ್ದು

ಮೆಟ್ 2008ರಲ್ಲಿ ಅಮೆರಿಕದ ಸಂಗೀತಗಾರ ಫಿಲಿಪ್ ಗ್ಲಾಸ್‌ನ ಸತ್ಯಾಗ್ರಹ ಒಪೆರಾವನ್ನು ರಂಗಕ್ಕೆ ತಂದಿತು, 2011ರಲ್ಲಿ ಮತ್ತೆ ಆಡಿ ಥಿಯೇಟರುಗಳಿಗೂ ಪ್ರಸಾರ ಮಾಡಿತು. ಗಾಂಧಿ ದಕ್ಷಿಣ ಆಫ್ರಿಕಾದಲ್ಲಿದ್ದ ವರ್ಷಗಳ ಕಥೆ. ಆದರೆ ಹಾಡುವುದೆಲ್ಲ ಸಂಸ್ಕೃತದಲ್ಲಿ, ಪೂರ್ತಿ ಭಗವದ್ಗೀತೆಯ ಶ್ಲೋಕಗಳು. ಮೊದಲ ದೃಶ್ಯವೇ ಕುರುಕ್ಷೇತ್ರ, 'ಯೋತ್ಸ್ಯಮಾನಾನ್ ಅವೇಕ್ಷೇಽಹಂ' ಅಂತ ಶುರುವಾಗುತ್ತದೆ. ಕೊನೆಯಲ್ಲಿ ಗಾಂಧಿ ಒಬ್ಬನೇ ನಿಂತು 'ಬಹೂನಿ ಮೇ ವ್ಯತೀತಾನಿ ಜನ್ಮಾನಿ' ಹಾಡುತ್ತಾನೆ. ಸ್ವರಗಳು ಕೆಳಗಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಏರುತ್ತವೆ, ಮತ್ತೆ ಕೆಳಗಿಂದ, ಮತ್ತೆ ಮತ್ತೆ. ಆ ಏಣಿಯ ಸ್ವರಸ್ಥಾನಗಳನ್ನು ಹಾಡಿ ನೋಡಿ: ನಮ್ಮ ತೋಡಿಯವೇ, ಗಮಕ ಇಲ್ಲ ಅಷ್ಟೇ. ಇಲ್ಲಿ ಭಾಷೆಗೆ ಪರದೆ ನೋಡುವ ಅಗತ್ಯವೇ ಇಲ್ಲದವರು ನಾವು. ಧ್ವನಿಮುದ್ರಣ ಸಿಗುತ್ತದೆ. ಮನೆಯಲ್ಲಿ ಗೀತೆ ಪಾರಾಯಣ ಮಾಡುವ ಅಜ್ಜ ಅಜ್ಜಿ ಇದ್ದರೆ ಅವರಿಗೂ ಕೇಳಿಸಿ. ಉಚ್ಚಾರಣೆ ಬಗ್ಗೆ ಒಂದು ಮಾತು ಹೇಳದೆ ಬಿಡುವುದಿಲ್ಲ, ಆದರೂ ಕೊನೆಯವರೆಗೆ ಕೂತು ಕೇಳುತ್ತಾರೆ.

ಮಕ್ಕಳಿದ್ದರೆ, ಮತ್ತು ಎರಡನೇ ಸಲಕ್ಕೆ

ಡಿಸೆಂಬರ್ ರಜೆಯಲ್ಲಿ ಮಕ್ಕಳಿಗಾಗಿ ಮೆಟ್ ಹಲವು ವರ್ಷ ಮ್ಯಾಜಿಕ್ ಫ್ಲೂಟ್ ಅನ್ನು ಕಿರಿದು ಮಾಡಿ, ಇಂಗ್ಲಿಷ್‌ನಲ್ಲೇ ಆಡಿದೆ. ಎರಡು ಗಂಟೆಯೊಳಗೆ ಮುಗಿಯುತ್ತದೆ, ದೊಡ್ಡ ಕರಡಿ ಬೊಂಬೆಗಳು ಕುಣಿಯುತ್ತವೆ. ಆ ವರ್ಷ ರಜೆಗೆ ಏನಿದೆ ಅಂತ ಕ್ಯಾಲೆಂಡರಿನಲ್ಲಿ ನೋಡಿ, ಅಕ್ಟೋಬರ್ ಒಳಗೇ ಟಿಕೆಟ್ ತಗೊಳ್ಳಿ. ಇದಕ್ಕೆ ಮಾತ್ರ ರಶ್ ನಂಬಿ ಕೂರಬೇಡಿ, ಮಕ್ಕಳಿಗೆ ಹೇಳಿಬಿಟ್ಟಿರುತ್ತೀರಿ.

ದೊಡ್ಡವರು ಎರಡನೇ ಸಲ ಹೋಗುವಾಗ ಇನ್ನೊಂದು ಒಪೆರಾ ಹುಡುಕುವ ಬದಲು ಲಫಾಂಟ್ ಸ್ಪರ್ಧೆಯ ಅಂತಿಮ ಸುತ್ತಿಗೆ ಹೋಗಿ ಅಂತ ನಾನು ಹೇಳುತ್ತೇನೆ. ಅಮೆರಿಕದುದ್ದಕ್ಕೂ ನಡೆಯುವ ಯುವ ಗಾಯಕರ ಆಯ್ಕೆಯ ಕೊನೆಯ ದಿನ ಅದು, ಸಾಮಾನ್ಯವಾಗಿ ವಸಂತದ ಹೊತ್ತಿಗೆ. ಇದೇ ಸ್ಪರ್ಧೆಯಲ್ಲಿ, ಆಗ ಬೇರೆ ಹೆಸರಿತ್ತು, 1988ರಲ್ಲಿ ಗೆದ್ದವರಲ್ಲಿ ಹೆಸರಾಂತ ಗಾಯಕಿ ರೆನೆ ಫ್ಲೆಮಿಂಗ್ ಒಬ್ಬರು. ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಆ ದೊಡ್ಡ ರಂಗದ ಮೇಲೆ, ಮೆಟ್‌ನ ವಾದ್ಯವೃಂದದ ಎದುರು, ತಲಾ ಎರಡು ಹಾಡು ಹಾಡುತ್ತಾರೆ. ಟಿಕೆಟ್ ಮಾಮೂಲಿ ಆಟಕ್ಕಿಂತ ಅಗ್ಗ. ಒಂದೇ ಮಧ್ಯಾಹ್ನದಲ್ಲಿ ಹತ್ತಾರು ಒಪೆರಾಗಳ ಹಾಡು ಕಿವಿಗೆ ಬೀಳುತ್ತದೆ. ಒಂದು ಪೆನ್ನು ಇಟ್ಟುಕೊಳ್ಳಿ. ಯಾವ ಹಾಡು ಹಿಡಿಸಿತೋ ಕಾರ್ಯಕ್ರಮ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಿ, ಮುಂದಿನ ಸೀಸನ್ನಿನ ಕ್ಯಾಲೆಂಡರಿನಲ್ಲಿ ಆ ಒಪೆರಾ ಇದೆಯಾ ಅಂತ ಹುಡುಕಿ.